ಹಲ್ಲುಪುಡಿ ಯಾವ ಕಾರ್ಖಾನೆಯದು

ಭೂತಗನ್ನಡಿ ಎಂಬ ಅಡ್ಡಹೆಸರನ್ನು ಅವಳಿಗೆ ಇಟ್ಟವರು ಅತ್ತೆ. ಕಣ್ಣಿಗೆ ಕಾಣದ ಪುಡಿಯನ್ನು ನೋಡಿ ಸಂಬಳ ತರುವ ಸೊಸೆಗೆ, ತಲೆಯ ಮೇಲೆ ಏರಿಸಿಕೊಂಡ ತನ್ನದೇ ಕನ್ನಡಕ ಮಾತ್ರ ಒಂದು ದಿನವೂ ತಾನಾಗಿ ಸಿಕ್ಕಿದ್ದಿಲ್ಲ. ಒಲೆಯ ಮೇಲೆ ಹಾಲು ಉಕ್ಕಿದ್ದು ಅವಳಿಗೆ ಗೊತ್ತಾಗುವುದು ಅದು ಕಟ್ಟೆಯುದ್ದಕ್ಕೂ ಹರಿದು ಕಾಲ ಮೇಲೆ ಬಿದ್ದಾಗ. ಮೊದಮೊದಲು ಈ ಹೆಸರು ಕೇಳಿದರೆ ಅವಳ ಮೂಗಿನ ತುದಿ ಕೆಂಪಾಗುತ್ತಿತ್ತು. ಆಮೇಲೆ ರೂಢಿಯಾಯಿತು. ಈಗಂತೂ ಅತ್ತೆ ಫೋನೆತ್ತಿ ಯಾರು ಎಂದು ಕೇಳಿದರೆ, ಭೂತಗನ್ನಡಿ ಎಂದು ತಾನೇ ಹೇಳುತ್ತಾಳೆ.

ಅವಳ ಕೆಲಸವನ್ನು ನೆಂಟರಿಷ್ಟರಿಗೆ ಬಿಡಿಸಿ ಹೇಳುವುದು ಗಂಡನ ಪಾಲಿನ ಶಿಕ್ಷೆ. ಶಾಲೆಯಲ್ಲಿ ಭೂಗೋಳ ಕಲಿಸುವ ಆತ ಅದಕ್ಕೊಂದು ಪಾಠವನ್ನೇ ಸಿದ್ಧ ಮಾಡಿಟ್ಟುಕೊಂಡಿದ್ದ. ಎಲ್ಲಿಂದಲೋ ಕಳವಾದ ಯುರೇನಿಯಂ ಪುಡಿ ಎಲ್ಲೋ ಸಿಕ್ಕಿಬೀಳುತ್ತದೆ. ಅದು ಯಾವ ಕಾರ್ಖಾನೆಯಲ್ಲಿ ಹುಟ್ಟಿದ್ದು ಎಂದು ಪುಡಿಯ ಮೇಲೆ ಯಾರೂ ಬರೆದಿರುವುದಿಲ್ಲ. ಆದರೆ ಅದಿರಿನಿಂದ ಪುಡಿ ಇಳಿಸುವಾಗ ಯಾವ ರಾಸಾಯನಿಕ ಹಾಕಿದರು, ಎಷ್ಟು ಹೊತ್ತು ಕಾಯಿಸಿದರು ಎಂಬುದಕ್ಕೆ ತಕ್ಕಂತೆ ಕಣಗಳ ರೂಪ ಬೇರೆಯಾಗುತ್ತದೆ. ಒಂದು ಕಡೆ ಚಪ್ಪಟೆ ಚಕ್ಕೆ, ಇನ್ನೊಂದು ಕಡೆ ಗುಂಡನೆಯ ಉಂಡೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಅವುಗಳ ಫೋಟೋ ತೆಗೆದು, ಇದು ಇಂಥವರ ಮನೆಯ ಮಗು ಎಂದು ಹೇಳುವುದೇ ಇವಳ ಕೆಲಸ. ಇಷ್ಟು ಹೇಳಿ ಗಂಡ ಉಸಿರು ಬಿಡುವಷ್ಟರಲ್ಲಿ ನೆಂಟರು, ಹಾಗಾದರೆ ಮನೆಯಲ್ಲಿ ಸಕ್ಕರೆ ಡಬ್ಬಿ ಮುಟ್ಟುವ ಮೊದಲು ಕೈ ತೊಳೀತಾರೆ ತಾನೇ ಎಂದು ಕೇಳುತ್ತಿದ್ದರು.

ಪುಡಿಯ ರೂಪವನ್ನು ಮಾತಿನಲ್ಲಿ ಹಿಡಿಯುವುದು ಮೊದಲಿಂದಲೂ ಅವರ ಪ್ರಯೋಗಾಲಯದ ತಲೆನೋವಾಗಿತ್ತು. ಒಬ್ಬರು ಹೂಕೋಸಿನಂತಿದೆ ಎಂದು ಬರೆದ ಕಣವನ್ನೇ ಇನ್ನೊಬ್ಬರು ಕುರಿಯ ಬೆನ್ನಿನಂತಿದೆ ಎಂದು ಬರೆಯುತ್ತಿದ್ದರು. ಭೂತಗನ್ನಡಿಯೇ ಒಮ್ಮೆ ಊಟಕ್ಕೆ ತಡವಾದ ದಿನ, ಬನ್ನಿನಂತೆ ಉಬ್ಬಿದ ಕಣಗಳು ಎಂದು ವರದಿಯಲ್ಲಿ ಬರೆದು ಬೈಸಿಕೊಂಡಿದ್ದಳು. ಮನುಷ್ಯರ ಕಣ್ಣಿಗೆ ಹಸಿವಿದೆ, ನಿದ್ದೆಯಿದೆ, ಇಷ್ಟಾನಿಷ್ಟವಿದೆ. ಆದ್ದರಿಂದ ಈ ಕೆಲಸವನ್ನು ಕಂಪ್ಯೂಟರಿಗೇ ಕಲಿಸೋಣ ಎಂದು ಸಭೆಯಲ್ಲಿ ಎದ್ದು ನಿಂತು ಭಾಷಣ ಮಾಡಿದವಳೂ ಅವಳೇ. ಆ ಭಾಷಣವನ್ನು ನೆನೆದರೆ ಈಗಲೂ ಅವಳಿಗೆ ಮೇಜಿನ ಕೆಳಗೆ ನುಸುಳಿಕೊಳ್ಳಬೇಕು ಎನಿಸುತ್ತದೆ.

ಹಾಗೆ ಹುಟ್ಟಿದ್ದು ಜಾಣಮರಿ. ಅದು ಅವಳೂ ಅವಳ ಸಹೋದ್ಯೋಗಿಯೂ ಕೂಡಿ ಬರೆದ ಪ್ರೋಗ್ರಾಂ. ಸಹೋದ್ಯೋಗಿ ವಯಸ್ಸಿನಲ್ಲಿ ಅವಳಿಗಿಂತ ಚಿಕ್ಕವನು, ಮದುವೆಯಾಗಿ ಅವಳಿ ಮಕ್ಕಳ ತಂದೆಯಾಗಿ ನಿದ್ದೆಗೆಟ್ಟವನು. ಬಂದ ಹಾಗೆ ಬಂದು, ಹೋದ ಹಾಗೆ ಹೋಗುವ ಅವನ ವೇಗಕ್ಕೆ ಎಲ್ಲರೂ ಬಿರುಗಾಳಿ ಎನ್ನುತ್ತಿದ್ದರು. ಜಾಣಮರಿಗೆ ಪಾಠ ಹೇಳಲು, ಅವರಿಗೆ ಗೊತ್ತಿದ್ದ ಎರಡು ಯುರೇನಿಯಂ ಕಾರ್ಖಾನೆಗಳ, ಹಳೆಯದರ ಮತ್ತು ಹೊಸದರ, ಪುಡಿಯ ಸಾವಿರಾರು ಫೋಟೋ ಬೇಕಿತ್ತು. ಅಣ್ಣತಮ್ಮಂದಿರು ಹೊಲ ಹಂಚಿಕೊಂಡ ಹಾಗೆ ಇಬ್ಬರೂ ಪಾಲು ಮಾಡಿಕೊಂಡರು: ಹಳೆ ಕಾರ್ಖಾನೆಯ ಪುಡಿಯ ಫೋಟೋಗಳನ್ನೆಲ್ಲ ಅವಳು ತೆಗೆಯುವುದು, ಹೊಸ ಕಾರ್ಖಾನೆಯದನ್ನೆಲ್ಲ ಅವನು. ಎಷ್ಟು ದೊಡ್ಡದಾಗಿ ಕಾಣಬೇಕು, ಎಷ್ಟು ಬೆಳಕಿರಬೇಕು ಎಂಬುದಕ್ಕೆಲ್ಲ ನಿಯಮವಿತ್ತು. ಇಬ್ಬರೂ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದರು. ತೆಗೆದ ಫೋಟೋಗಳಲ್ಲಿ ಒಂದಷ್ಟನ್ನು ಪರೀಕ್ಷೆಗೆಂದು ಬೇರೆ ತೆಗೆದಿಟ್ಟು, ಉಳಿದದ್ದನ್ನು ಜಾಣಮರಿಗೆ ಉಣಿಸಿದರು. ಪರೀಕ್ಷೆಯಲ್ಲಿ ಅದು ಶೇಕಡಾ ತೊಂಬತ್ತೆಂಟು ಅಂಕ ತೆಗೆಯಿತು.

ಸ್ವಂತ ಮಗಳು ಗಣಿತದಲ್ಲಿ ಐವತ್ತರ ಆಸುಪಾಸಿನಲ್ಲೇ ಓಡಾಡುತ್ತಿದ್ದುದರಿಂದ, ಈ ತೊಂಬತ್ತೆಂಟು ಅವಳ ತಲೆಗೇರಿತು. ಬಸ್ಸಿನಲ್ಲಿ ಪಕ್ಕ ಕೂತವರಿಗೂ ಹೇಳಿಕೊಂಡಳು. ಅವರ ಮುಖ್ಯಸ್ಥರಂತೂ ಹಿಗ್ಗಿ ಹೀರೇಕಾಯಿಯಾದರು. ಯಾರು ಏನೇ ಹೇಳಿದರೂ ಶೇಕಡಾ ಎಷ್ಟು ಎಂದು ಕೇಳುವುದು ಅವರ ಚಾಳಿ. ಮಳೆ ಬರಬಹುದು ಸರ್ ಎಂದರೂ ಶೇಕಡಾ ಎಷ್ಟು ಎನ್ನುವ ಮನುಷ್ಯ. ಬೆನ್ನ ಹಿಂದೆ ಎಲ್ಲರೂ ಅವರನ್ನು ಶೇಕಡಾ ಸಾಹೇಬರು ಎನ್ನುತ್ತಿದ್ದರು.

ಇಂಥ ಹೊತ್ತಿನಲ್ಲೇ ಬಿಸ್ಕತ್ತಿನ ಡಬ್ಬಿ ಬಂತು. ಗುಜರಿ ಅಂಗಡಿಯೊಂದರಲ್ಲಿ ಸಿಕ್ಕಿದ ಡಬ್ಬಿ, ಅದರ ತುಂಬ ಯುರೇನಿಯಂ ಪುಡಿ. ಹಳೆ ಕಾರ್ಖಾನೆಯ ಉಗ್ರಾಣದವನನ್ನು ಪೊಲೀಸರು ಹಿಡಿದುಕೊಂಡು ಹೋದರು, ಯಾಕೆಂದರೆ ಬೀಗದ ಕೈ ಇದ್ದದ್ದು ಅವನ ಹತ್ತಿರ. ಅವನು ತನಗೇನೂ ಗೊತ್ತಿಲ್ಲ ಎನ್ನುತ್ತಿದ್ದ. ಪುಡಿ ಹಳೆ ಕಾರ್ಖಾನೆಯದು ಎಂದಾದರೆ ಅವನ ಕಥೆ ಮುಗಿದಂತೆ. ಅಲ್ಲ ಎಂದಾದರೆ ಅವನನ್ನು ಒಳಗಿಡಲು ಬೇರೆ ಕಾರಣವೇ ಇರಲಿಲ್ಲ. ಬುಧವಾರ ನ್ಯಾಯಾಲಯದಲ್ಲಿ ವಿಚಾರಣೆ. ಟೀವಿಯಲ್ಲಿ ಅವನನ್ನು ಜೀಪಿನಿಂದ ಇಳಿಸುವುದನ್ನು ತೋರಿಸಿದರು. ತಲೆಯ ಮೇಲೆ ಟವೆಲು ಹೊದ್ದಿದ್ದರಿಂದ ಮುಖ ಕಾಣಲಿಲ್ಲ. ಮೈಮೇಲಿದ್ದದ್ದು ಕೈಯಲ್ಲಿ ಹೆಣೆದ ಸ್ವೆಟರು, ಒಂದು ತೋಳು ಉದ್ದ, ಒಂದು ಗಿಡ್ಡ. ಯಾರೋ ಹೆಣೆಯಲು ಕಲಿಯುತ್ತಿದ್ದಾರೆ, ಕಲಿತದ್ದನ್ನು ಇವನು ಹಾಕಿಕೊಳ್ಳುತ್ತಿದ್ದಾನೆ ಎಂದು ಭೂತಗನ್ನಡಿಗೆ ಅನಿಸಿತು. ಅನಿಸಿದ್ದನ್ನು ಬದಿಗಿಟ್ಟು ಡಬ್ಬಿಯ ಪುಡಿಯ ಫೋಟೋಗಳನ್ನು ಶ್ರದ್ಧೆಯಿಂದ ತೆಗೆದಳು. ಜಾಣಮರಿ ಎಲ್ಲವನ್ನೂ ನುಂಗಿ, ಹಳೆ ಕಾರ್ಖಾನೆ, ತೊಂಬತ್ತೆಂಟು ಎಂದಿತು. ಶುಕ್ರವಾರ ಅವಳು ವರದಿಗೆ ಸಹಿ ಹಾಕಿದಳು. ಶೇಕಡಾ ಸಾಹೇಬರು ಅದನ್ನು ಕೈಯಾರೆ ಹೊತ್ತುಕೊಂಡು ಹೋಗಿ ದೊಡ್ಡ ಸಭೆಯಲ್ಲಿ ಓದಿ ಬಂದರು.

ಭಾನುವಾರ ಬೆಳಗ್ಗೆ ಮನೆಯಲ್ಲಿ ಬೇರೆಯೇ ಸಭೆ ನಡೆದಿತ್ತು. ಮೆಟ್ಟಿಲ ಪಕ್ಕದ ಗೋಡೆಗೆ ಹೊಸದಾಗಿ ಸುಣ್ಣ ಬಳಿಸಿದ್ದರು. ಅಲ್ಲಿ ತೂಗುಹಾಕಲು ಮನೆಮಂದಿಯ ಫೋಟೋಗಳನ್ನು ಆರಿಸಬೇಕಿತ್ತು. ಮಗಳು ಅಚ್ಚು ಹಾಕಿಸಿ ತಂದ ರಾಶಿಯನ್ನು ನೆಲದ ಮೇಲೆ ಸುರಿದುಕೊಂಡು ಕೂತಿದ್ದಳು. ಹದಿಹರೆಯದ ಹುಡುಗಿ, ಅಮ್ಮನನ್ನು ಕಂಡರೆ ಪ್ರೀತಿ, ಆದರೆ ಅದನ್ನು ತೋರಿಸುವುದು ಗೇಲಿ ಮಾಡಿ. ಒಂದೊಂದೇ ಫೋಟೋ ಎತ್ತಿ ಹಿಡಿದು ಇದನ್ನು ತೆಗೆದವರು ಯಾರು ಎಂದು ಕೇಳುವ ಆಟ ಶುರುಮಾಡಿದಳು.

ಆಟ ಬಹಳ ಸುಲಭವಾಗಿತ್ತು. ಗಂಡ ತೆಗೆದ ಫೋಟೋ ಎಂದರೆ ಆಕಾಶ, ಬೆಟ್ಟ, ಬಸ್ ನಿಲ್ದಾಣ, ಅದರ ತಳದಲ್ಲಿ ಇರುವೆಗಳಂತೆ ಕುಟುಂಬ. ಮೂಲೆಯಲ್ಲಿ ಅವನ ಹೆಬ್ಬೆರಳು. ಮಗಳದ್ದೆಲ್ಲ ವಾಲಿದ್ದು, ಹಡಗು ಮುಳುಗುವ ಹೊತ್ತಿನಲ್ಲಿ ತೆಗೆದ ಹಾಗೆ. ಭೂತಗನ್ನಡಿ ತೆಗೆದದ್ದರಲ್ಲಿ ಮಾತ್ರ ನಟ್ಟನಡುವೆ ಒಂದೇ ಒಂದು ಮುಖ, ಅಂಚಿನಿಂದ ಅಂಚಿಗೆ. ಹಿಂದೆ ಏನಿಲ್ಲ, ಮುಂದೆ ಏನಿಲ್ಲ, ಕಾಲಂತೂ ಇಲ್ಲವೇ ಇಲ್ಲ. ಸಮುದ್ರಕ್ಕೆ ಹೋದ ಫೋಟೋದಲ್ಲಿ ಸಮುದ್ರವೇ ಇರಲಿಲ್ಲ.

ಅತ್ತೆ ಕೋಣೆಯ ಆ ಮೂಲೆಯಲ್ಲಿ ಕುರ್ಚಿಯ ಮೇಲೆ ಕೂತು, ಕನ್ನಡಕವಿಲ್ಲದೆಯೇ ಒಂದೂ ತಪ್ಪದೆ ಹೇಳುತ್ತಿದ್ದರು. ಇಷ್ಟು ದೂರದಿಂದ ಹೇಗೆ ಕಾಣುತ್ತದೆ ಎಂದು ಮೊಮ್ಮಗಳು ಕೇಳಿದಳು.

"ಕಾಣೋದೇನು ಬಂತು? ಕಾಲಿಲ್ಲ ಅಂದ್ರೆ ಸೊಸೆ."

"ಮುಖ ಮುಖ್ಯ ಅಲ್ವಾ ಅತ್ತೆ?" ಎಂದು ಭೂತಗನ್ನಡಿ ತನ್ನ ಪರ ವಾದಿಸಿದಳು. "ನೋಡಿ, ಎಷ್ಟು ಸ್ಪಷ್ಟವಾಗಿ ಬಂದಿದೀರಿ."

"ಬಂದಿದೀನಿ ತಾಯಿ, ಇಲ್ಲ ಅನ್ನಲ್ಲ. ಆದ್ರೆ ಎಲ್ಲಿಗೆ ಬಂದಿದೀನಿ ಅಂತ ನನಗೇ ಗೊತ್ತಾಗ್ತಿಲ್ಲ."

ಗಂಡ ನಕ್ಕು ಚಹಾ ಮೈಮೇಲೆ ಚೆಲ್ಲಿಕೊಂಡ. ಮಗಳಿಗೆ ಹುಮ್ಮಸ್ಸು ಏರಿತು. ಇನ್ನೊಂದು ಫೋಟೋ ಎತ್ತಿ, ಅದರಲ್ಲಿದ್ದ ಮುಖವನ್ನು ಅಂಗೈಯಿಂದ ಪೂರ್ತಿ ಮುಚ್ಚಿ ಹಿಡಿದಳು. "ಈಗ ಹೇಳಿ. ಇದರಲ್ಲಿ ಯಾರಿದಾರೆ ಅಂತ ಬೇಡ. ತೆಗೆದಿದ್ದು ಯಾರು?"

"ಅಮ್ಮ," ಎಂದರು ಎಲ್ಲರೂ ಒಂದೇ ಬಾಯಲ್ಲಿ. ಭೂತಗನ್ನಡಿಯೂ ಅವರ ಜೊತೆ ಅಮ್ಮ ಎಂದಳು. ಎಂದವಳು ನಗುತ್ತಿದ್ದ ಬಾಯನ್ನು ಹಾಗೇ ತೆರೆದುಕೊಂಡು ಕೂತುಬಿಟ್ಟಳು.

ಕಣ್ಣ ಮುಂದೆ ಬಂದದ್ದು ಜಾಣಮರಿಗೆ ಉಣಿಸಿದ ಫೋಟೋಗಳು. ಹಳೆ ಕಾರ್ಖಾನೆಯ ಒಂದೊಂದು ಕಣವನ್ನೂ ಅವಳು ಹೆಣ್ಣು ನೋಡಲು ಹೋದವರ ಹಾಗೆ ಹುಡುಕಿ ಆರಿಸಿದ್ದಳು. ಗುಂಪಿನಿಂದ ದೂರ ಒಂಟಿಯಾಗಿ ನಿಂತದ್ದು, ಮೈಕೈ ತುಂಬಿಕೊಂಡದ್ದು, ಅದನ್ನು ಚೌಕಟ್ಟಿನ ನಟ್ಟನಡುವೆ ತಂದು ನಿಲ್ಲಿಸಿ, ಸುತ್ತ ಕಪ್ಪು ಬಿಟ್ಟು ಕ್ಲಿಕ್ಕಿಸಿದ್ದು. ಬಿರುಗಾಳಿಗೆ ಅಂಥ ವ್ಯವಧಾನವೆಲ್ಲಿ? ಅವನು ಚೌಕಟ್ಟು ಎಲ್ಲಿ ನಿಂತಿತೋ ಅಲ್ಲೇ ಗುಂಡಿ ಒತ್ತುವವನು. ಹೊಸ ಕಾರ್ಖಾನೆಯ ಕಣಗಳೆಲ್ಲ ಅವನ ಕೈಯಲ್ಲಿ, ಬಸ್ಸು ಬಂದಾಗ ಬಾಗಿಲಿಗೆ ಮುಗಿಬಿದ್ದ ಜನರಂತೆ, ಒಂದರ ಮೇಲೊಂದು ಹತ್ತಿ ಅಂಚಿನಾಚೆ ಚೆಲ್ಲಿಹೋಗಿದ್ದವು. ನಿಯಮದಲ್ಲಿ ಬೆಳಕಿನ ಬಗ್ಗೆ ಇತ್ತು, ಅಳತೆಯ ಬಗ್ಗೆ ಇತ್ತು. ಎಲ್ಲಿ ಕಣ್ಣು ಹಾಯಿಸಬೇಕು ಎಂಬ ಬಗ್ಗೆ ಒಂದಕ್ಷರವೂ ಇರಲಿಲ್ಲ. ಹಾಗಾದರೆ ಜಾಣಮರಿ ಇಷ್ಟು ದಿನ ಗುರುತು ಹಿಡಿಯುತ್ತಿದ್ದದ್ದು ಪುಡಿಯನ್ನೋ, ಪುಡಿಯ ಫೋಟೋ ತೆಗೆದವರನ್ನೋ? ಬಿಸ್ಕತ್ತಿನ ಡಬ್ಬಿಯ ಫೋಟೋ ತೆಗೆದವಳು ಅವಳು. ಪರೀಕ್ಷೆಗೆಂದು ಬೇರೆ ತೆಗೆದಿಟ್ಟದ್ದೂ ಅದೇ ಇಬ್ಬರ ಫೋಟೋಗಳು. ತಾನೇ ಪಾಠ ಹೇಳಿ, ತಾನೇ ಪ್ರಶ್ನೆಪತ್ರಿಕೆ ಬರೆದು, ತಾನೇ ಅಂಕ ಹಾಕಿ, ನನ್ನ ಕೂಸು ಎಷ್ಟು ಜಾಣೆ ಎಂದು ಬಸ್ಸಿನವರಿಗೆಲ್ಲ ಹೇಳಿಕೊಂಡಂತಾಯಿತು.

ಆ ಭಾನುವಾರದ ಉಳಿದ ಭಾಗ ಅವಳು ಏನು ತಿಂದಳು, ಯಾರಿಗೆ ಏನು ಹೇಳಿದಳು ಎಂಬುದು ಅವಳಿಗೇ ನೆನಪಿಲ್ಲ. ಗೋಡೆಗೆ ಗಂಡನ ಹೆಬ್ಬೆರಳಿದ್ದ ಫೋಟೋವನ್ನೇ ಹಾಕಿದರಂತೆ.

ಸೋಮವಾರ ಬೆಳಗ್ಗೆ ಬಿರುಗಾಳಿ ಒಳಬರುತ್ತಲೇ ಅವನನ್ನು ಅಡ್ಡಗಟ್ಟಿ ಎಲ್ಲವನ್ನೂ ಹೇಳಿದಳು. ಅವನು ಕೇಳಿಸಿಕೊಂಡು ಸಪ್ಪಗಾದ.

"ಅಕ್ಕಾ, ನಾನು ಅಷ್ಟು ಕೆಟ್ಟದಾಗಿ ತೆಗೀತೀನಾ?"

"ಕೆಟ್ಟದಾಗಿ ಅಲ್ಲ ಕಣೋ. ನಿನ್ನ ಹಾಗೆ ತೆಗೀತೀಯ. ನಾನು ನನ್ನ ಹಾಗೆ. ಅದು ನಮ್ಮಿಬ್ಬರನ್ನ ಕಲಿತಿದೆ, ಪುಡೀನ ಕಲಿತೇ ಇಲ್ಲ."

ನೋಡಿಯೇ ಬಿಡೋಣ ಎಂದು ಡಬ್ಬಿಯ ಪುಡಿಯ ಫೋಟೋವನ್ನು ಈ ಸಲ ಬಿರುಗಾಳಿ ತೆಗೆದ. ಜಾಣಮರಿ ಒಂದಿಷ್ಟೂ ತಡವರಿಸದೆ ಹೊಸ ಕಾರ್ಖಾನೆ ಎಂದಿತು. ಹೊಸ ಕಾರ್ಖಾನೆಯ ಪುಡಿಯನ್ನು ಅವಳು ತೆಗೆದಳು, ಹಳೆಯದು ಎಂದಿತು. ಆದರೂ ಹೆತ್ತ ಕರುಳು ಕೇಳಬೇಕಲ್ಲ. ಎಲ್ಲೋ ಒಂದು ಚೂರಾದರೂ ಪುಡಿಯನ್ನು ಕಲಿತಿರಬಹುದು ಎಂಬ ಆಸೆಯಿಂದ ಮೇಜಿನ ಖಾನೆ ಎಳೆದಳು. ಬೆಳಗಿನ ಗಡಿಬಿಡಿಯಲ್ಲಿ ಎಷ್ಟೋ ದಿನ ಹಲ್ಲುಜ್ಜದೆ ಬಸ್ಸು ಹತ್ತುವವಳಾದ್ದರಿಂದ ಅಲ್ಲಿ ಒಂದು ಹಲ್ಲುಪುಡಿಯ ಡಬ್ಬಿ ಯಾವಾಗಲೂ ಇರುತ್ತಿತ್ತು. ಚಿಟಿಕೆ ಪುಡಿ ಉದುರಿಸಿ, ಸೂಕ್ಷ್ಮದರ್ಶಕದಲ್ಲಿ ಚೆನ್ನಾಗಿ ಕಾಣಲೆಂದು ಎಲ್ಲ ಪುಡಿಗಳಿಗೂ ಮಾಡುವ ಹಾಗೆ ಅದಕ್ಕೂ ತೆಳುವಾಗಿ ಚಿನ್ನದ ಲೇಪ ಕೊಟ್ಟು ಒಳಗಿಟ್ಟಳು. ಅವಳ ಹಲ್ಲುಗಳೂ ಅಷ್ಟು ಮರ್ಯಾದೆ ಕಂಡವಲ್ಲ.

ಅವಳು ತೆಗೆದ ಹಲ್ಲುಪುಡಿ ಹಳೆ ಕಾರ್ಖಾನೆಯ ಯುರೇನಿಯಂ, ಶೇಕಡಾ ತೊಂಬತ್ತೇಳು. ಬಿರುಗಾಳಿ ತೆಗೆದ ಅದೇ ಹಲ್ಲುಪುಡಿ ಹೊಸ ಕಾರ್ಖಾನೆಯ ಯುರೇನಿಯಂ, ಶೇಕಡಾ ತೊಂಬತ್ತೈದು.

"ನಿಮ್ಮ ಬಾಯಲ್ಲೇ ಎರಡು ಕಾರ್ಖಾನೆ ಇದೆಯಲ್ಲ ಅಕ್ಕಾ," ಎಂದ ಬಿರುಗಾಳಿ. ನಗು ಅರ್ಧಕ್ಕೇ ನಿಂತಿತು. ಬಾಗಿಲಿನ ಕಡೆ ನೋಡಿ ದನಿ ತಗ್ಗಿಸಿ, ಪುಡಿ ಹಳೆ ಕಾರ್ಖಾನೆಯದೇ ಆಗಿದ್ದರೂ ಆಗಿರಬಹುದಲ್ಲ, ಸುಮ್ಮನಿದ್ದು ಜಾಣಮರಿಗೆ ಹೊಸದಾಗಿ ಪಾಠ ಹೇಳಿ ಆಮೇಲೆ ನೋಡಬಹುದಲ್ಲ ಎಂದ.

ಅದು ಅವಳಿಗೂ ಹೊಳೆಯದೆ ಇದ್ದದ್ದೇನಲ್ಲ. ಬಸ್ಸಿನಲ್ಲಿ ಬರುವಾಗ ಇದೇ ಮಾತನ್ನು ತನಗೆ ತಾನೇ ಹೇಳಿಕೊಂಡು, ಎರಡು ನಿಲ್ದಾಣದಷ್ಟು ದೂರ ನೆಮ್ಮದಿಯಿಂದ ಕೂತಿದ್ದಳು. ಆಮೇಲೆ ಎದುರು ಸೀಟಿನವನೊಬ್ಬ ಸ್ವೆಟರಿನ ತೋಳು ಮಡಚಿಕೊಂಡ. ಅಷ್ಟೇ, ನೆಮ್ಮದಿ ಇಳಿದು ಹೋಯಿತು.

ಶೇಕಡಾ ಸಾಹೇಬರ ಕೋಣೆಗೆ ಅವಳು ಒಬ್ಬಳೇ ಹೋದಳು. ಹೇಗೆ ಶುರುಮಾಡಬೇಕು ಎಂದು ಕಾರಿಡಾರಿನುದ್ದಕ್ಕೂ ತಾಲೀಮು ಮಾಡಿದ್ದೆಲ್ಲ ಬಾಗಿಲು ದಾಟುತ್ತಲೇ ಆವಿಯಾಯಿತು. ಸುಮ್ಮನೆ ಒಂದು ಫೋಟೋವನ್ನು ಮೇಜಿನ ಮೇಲಿಟ್ಟು ಇದು ಯಾವ ಕಾರ್ಖಾನೆಯದು ಹೇಳಿ ಸರ್ ಎಂದಳು. ಅವರು ಕನ್ನಡಕ ಸರಿಮಾಡಿಕೊಂಡು, ಬಲ್ಲವರಂತೆ ತಲೆದೂಗಿದರು.

"ಹಳೇದು. ನೋಡಿದ್ರೇ ಗೊತ್ತಾಗತ್ತೆ. ಶೇಕಡಾ ಎಷ್ಟು?"

"ತೊಂಬತ್ತೇಳು ಸರ್. ಆದ್ರೆ ಅದು ಹಲ್ಲುಪುಡಿ."

ಅವರು ಫೋಟೋವನ್ನು ಕೆಳಗಿಟ್ಟರು. ಮತ್ತೆ ಎತ್ತಿಕೊಂಡರು. "ಯಾರ ಹಲ್ಲುಪುಡಿ?" ಎಂದರು.

"ನನ್ನದೇ ಸರ್."

ಅವಳು ಎಲ್ಲವನ್ನೂ ಹೇಳಿದಳು: ಪಾಲು ಮಾಡಿಕೊಂಡದ್ದು, ಒಂಟಿ ಕಣ, ಬಸ್ಸಿನ ಬಾಗಿಲ ನೂಕುನುಗ್ಗಲು, ಕಾಲಿಲ್ಲದ ಅತ್ತೆ. ಅತ್ತೆಯ ಫೋಟೋದ ಕಥೆಯನ್ನು ಬಿಟ್ಟಿದ್ದರೂ ನಡೆಯುತ್ತಿತ್ತು, ಆದರೆ ಶುರುಮಾಡಿದ ಮೇಲೆ ನಿಲ್ಲಿಸಲು ಬರಲಿಲ್ಲ. ಸಾಹೇಬರು ಕಿಟಕಿಯ ಹತ್ತಿರ ಹೋಗಿ ಬೆನ್ನು ಮಾಡಿ ನಿಂತರು. ಅವರ ಕತ್ತಿನ ಹಿಂಭಾಗ ಕೆಂಪಾಗುತ್ತಾ ಹೋದದ್ದು ಅವಳಿಗೆ ಕಾಣುತ್ತಿತ್ತು.

"ನಾನು ಅಷ್ಟು ಜನರ ಮುಂದೆ ಓದಿಬಿಟ್ಟಿದೀನಲ್ಲಮ್ಮ."

"ನಾನು ಸಹಿ ಹಾಕಿಬಿಟ್ಟಿದೀನಿ ಸರ್."

"ಈಗ ವಾಪಸ್ ತಗೊಂಡ್ರೆ ಇನ್ಮೇಲೆ ನಮ್ಮ ಮಾತನ್ನ ಯಾರು ನಂಬ್ತಾರೆ?"

ಒಳ್ಳೆಯ ಉತ್ತರಗಳೆಲ್ಲ ಅವಳಿಗೆ ಹೊಳೆಯುವುದು ಪಾತ್ರೆ ತೊಳೆಯುವಾಗ. "ಅವನು ಒಳಗಿದಾನೆ ಸರ್," ಎಂದಷ್ಟೇ ಹೇಳಿದಳು.

ಸಾಹೇಬರು ತಿರುಗಿದರು. "ಹಾಗಾದ್ರೆ ಪುಡಿ ಹೊಸ ಕಾರ್ಖಾನೇದಾ?"

"ಅದೂ ಗೊತ್ತಿಲ್ಲ ಸರ್."

"ಅಂದ್ರೆ, ಶೇಕಡಾ..."

"ಶೇಕಡಾ ಇಲ್ಲ ಸರ್."

ಅವರು ಕುರ್ಚಿಯಲ್ಲಿ ಕುಸಿದರು. ಶೇಕಡಾ ಇಲ್ಲದ ಲೋಕವನ್ನು ಮೊದಲ ಸಲ ನೋಡುತ್ತಿರುವಂತಿತ್ತು ಅವರ ಮುಖ. ಆಮೇಲೆ ಪೆನ್ನು ಹುಡುಕಿ, ವರದಿಯನ್ನು ಹಿಂದಕ್ಕೆ ಪಡೆಯುವ ಪತ್ರವನ್ನು ತಾವೇ ಬರೆಯತೊಡಗಿದರು. ಒಂದು ಕಡೆ ಮಾತ್ರ ನಿಂತು, ಹಲ್ಲುಪುಡಿ ಎಂದು ಬರೆಯಲೇಬೇಕೇ ಎಂದು ಕೇಳಿದರು. ಸಂಬಂಧವಿಲ್ಲದ ಒಂದು ಬಿಳಿ ಪುಡಿ ಎಂದರೆ ಸಾಕಲ್ಲ ಎಂದು ಇಬ್ಬರೂ ಒಪ್ಪಿದರು.

ಬುಧವಾರ ನ್ಯಾಯಾಲಯದಲ್ಲಿ ಆ ಒಪ್ಪಂದ ಮುರಿದುಬಿತ್ತು. ಉಗ್ರಾಣದವನ ವಕೀಲರು ಸಣಕಲು ಮನುಷ್ಯ, ಆದರೆ ಹಿಡಿದರೆ ಬಿಡದವರು. ಆ ಬಿಳಿ ಪುಡಿ ಯಾವುದು ಎಂದು ಕೇಳಿದರು. ಭೂತಗನ್ನಡಿ ಮನೆಬಳಕೆಯದು ಎಂದಳು. ಮನೆಯಲ್ಲಿ ಯಾವುದಕ್ಕೆ ಬಳಸುವುದು ಎಂದರು. ಸ್ವಚ್ಛತೆಗೆ ಎಂದಳು. ಯಾವುದರ ಸ್ವಚ್ಛತೆಗೆ ಎಂದರು. ಕೊನೆಗೆ ಅವಳು ಕಟಕಟೆಯಲ್ಲಿ ನಿಂತು, ಜೀವನದಲ್ಲೇ ಅತ್ಯಂತ ಸ್ಪಷ್ಟವಾದ ದನಿಯಲ್ಲಿ, ಹಲ್ಲುಪುಡಿ ಎಂದಳು. ಹಿಂದಿನ ಬೆಂಚುಗಳಲ್ಲಿ ನಗು ಹೊರಳಿತು. ನ್ಯಾಯಾಧೀಶರು ನಗಲಿಲ್ಲ. ಗಂಭೀರವಾಗಿ ತಲೆ ತಗ್ಗಿಸಿ ಅದನ್ನು ಬರೆದುಕೊಂಡರು, ಅದೇ ಇನ್ನೂ ಕಷ್ಟವಾಯಿತು.

ಉಗ್ರಾಣದವನು ಆ ಬದಿಯಲ್ಲಿ ನಿಂತಿದ್ದ. ಅವನೂ ನಗಲಿಲ್ಲ. ಅವಳು ಹೇಳಿದ್ದರಲ್ಲಿ ಅವನಿಗೆ ಎಷ್ಟು ಅರ್ಥವಾಯಿತೋ. ಇಡೀ ಹೊತ್ತು ಅವನು ನೋಡುತ್ತಿದ್ದದ್ದು ಅವಳ ಮುಖವನ್ನಲ್ಲ, ಅವಳು ಕಟಕಟೆಯ ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದ ಕೈಯನ್ನು.

ಮುಂದಿನ ವಾರ ಪೂರ್ತಿ ಅವಳೂ ಬಿರುಗಾಳಿಯೂ ಹೊಸ ಫೋಟೋ ತೆಗೆದರು. ಯಾವ ಪುಡಿ ಯಾರದು ಎಂದು ಇಬ್ಬರಿಗೂ ಗೊತ್ತಿಲ್ಲದ ಹಾಗೆ ಪಕ್ಕದ ವಿಭಾಗದವರು ಸಂಖ್ಯೆ ಅಂಟಿಸಿ ಕೊಟ್ಟರು. ಎಲ್ಲಿ ನಿಲ್ಲಿಸಿ ಒತ್ತಬೇಕು ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸಿದರು. ಎಷ್ಟೋ ಸಲ ಚೀಟಿ ಹೇಳಿದ ಜಾಗದಲ್ಲಿ ಅರ್ಧ ಕಣವೂ ಇರುತ್ತಿರಲಿಲ್ಲ. ಪಕ್ಕದಲ್ಲೇ ಮೈತುಂಬಿಕೊಂಡು ಒಂದು ನಿಂತಿರುತ್ತಿತ್ತು. ಭೂತಗನ್ನಡಿಯ ಬೆರಳು ತಾನಾಗಿ ಅತ್ತ ಸರಿಯುತ್ತಿತ್ತು. ಬಿರುಗಾಳಿ ಅವಳ ಪಕ್ಕ ಕೂತು, ಅಕ್ಕಾ, ಕೈ ತೆಗೀರಿ ಎನ್ನುತ್ತಿದ್ದ. ಹೊಸ ಪಾಠ ಕಲಿತ ಜಾಣಮರಿಯ ಅಂಕ, ಕಣ್ಣುಮುಚ್ಚಿ ನಾಣ್ಯ ಚಿಮ್ಮಿದವರಿಗಿಂತ ತುಸು ಮೇಲೆ ಬಂದು ನಿಂತಿತು. ಮನೆಗೆ ಬಂದು ಮಗಳ ಗಣಿತದ ಅಂಕಪಟ್ಟಿಯನ್ನು ಅವಳು ಎಂದೂ ಇಲ್ಲದ ಗೌರವದಿಂದ ನೋಡಿದಳು. ಕಣಗಳ ರೂಪ ಒಂದರಿಂದಲೇ ಈ ಪುಡಿಯ ಊರು ಹೇಳಲು ಬರುವುದಿಲ್ಲ ಎಂದು ಅವರ ಹೊಸ ವರದಿ ಹೋಯಿತು. ಪುಡಿಯಲ್ಲಿ ಬೆರೆತ ಕಲ್ಮಶಗಳನ್ನು ಅಳೆಯಲು ಬೇರೆ ಪ್ರಯೋಗಾಲಯಕ್ಕೆ ಕಳಿಸಿದ್ದಾರೆ. ಅಲ್ಲಿಂದ ಉತ್ತರ ಇನ್ನೂ ಬಂದಿಲ್ಲ.

ಉಗ್ರಾಣದವನನ್ನು ಜಾಮೀನಿನ ಮೇಲೆ ಬಿಟ್ಟರು. ಪತ್ರಿಕೆಯ ಒಳಪುಟದಲ್ಲಿ ಫೋಟೋ ಬಂತು. ಮಗಳು ಅದನ್ನು ಊಟದ ಮೇಜಿನ ಮೇಲೆ ಹರಡಿ, ಅಮ್ಮ ತೆಗೆದದ್ದಲ್ಲ ಎಂದು ಘೋಷಿಸಿದಳು. ನಿಜ. ಯಾರೋ ಪತ್ರಿಕೆಯವನು ದೂರ ನಿಂತು ತೆಗೆದಿದ್ದ. ಎತ್ತರದ ಗೇಟು, ಗೇಟಿನ ಪಕ್ಕ ಉರುಳಿಬಿದ್ದ ಕಸದ ಡಬ್ಬಿ, ಚೀಲ ಹಿಡಿದು ಓಡಿಬರುತ್ತಿದ್ದ ಒಬ್ಬ ಹೆಂಗಸು, ಎಲ್ಲದರ ನಡುವೆ ಎಲ್ಲೋ ಒಂದು ಕಡೆ ಅವನು. ಸ್ವೆಟರಿನ ಉದ್ದದ ತೋಳನ್ನು ಗಿಡ್ಡದರ ಸಮಕ್ಕೆ ಮಡಚಿಕೊಂಡಿದ್ದ. ಮುಖ ಚಿಕ್ಕದಾಗಿ, ಮಸುಕಾಗಿ ಬಂದಿತ್ತು. ಕಾಲು ಮಾತ್ರ ಸ್ಪಷ್ಟವಾಗಿ ಕಾಣುತ್ತಿತ್ತು. ಒಂದರಲ್ಲಿ ಕಪ್ಪು ಚಪ್ಪಲಿ, ಇನ್ನೊಂದರಲ್ಲಿ ಪಟ್ಟೆಯ ಚಪ್ಪಲಿ.

"ಕದ್ದಿದ್ದು ಅವನೇನಾ, ಅಲ್ವಾ?" ಎಂದು ಗಂಡ ಕೇಳಿದ.

"ಗೊತ್ತಿಲ್ಲ," ಎಂದಳು.

ಅತ್ತೆ ಪತ್ರಿಕೆಯನ್ನು ಕಣ್ಣಿನ ಹತ್ತಿರ ತಂದು, ಪಾಪ, ಗಡಿಬಿಡಿಯಲ್ಲಿ ಹೊರಟಿರಬೇಕು ಎಂದರು. ಒಳಗೆ ಯಾರೋ ಅವನದನ್ನು ಹಾಕಿಕೊಂಡು ಹೋಗಿರಬೇಕು ಎಂದ ಗಂಡ. ಇಬ್ಬರೂ ಭೂತಗನ್ನಡಿಯ ಕಡೆ ತಿರುಗಿದರು. ಅವಳು ಆ ಎರಡು ಚಪ್ಪಲಿಗಳ ಅಂಚು, ಸವೆತ, ಪಟ್ಟೆಯ ಅಗಲ ಎಲ್ಲವನ್ನೂ ನೋಡಿ, ಒಂದು ಊಹೆಯನ್ನು ಆಗಲೇ ಅರ್ಧ ಕಟ್ಟಿ ಮುಗಿಸಿದ್ದಳು. ಬಾಯಿಯವರೆಗೂ ಬಂದಿತ್ತು. ಎದ್ದು, ಒಲೆಯ ಮೇಲೆ ಹಾಲಿಟ್ಟಿದ್ದೇನೆ ಎಂದು ಅಡುಗೆಮನೆಯ ಕಡೆ ಹೋದಳು.